ಬಿಸಿಲು ಮತ್ತು ದೂಳಿನ ಊರುಗಳಲ್ಲಿ ಜಮಖಾನ, ರತ್ನಗಂಬಳಿ: ಆಯ್ಕೆ ಹಾಗೂ ಆರೈಕೆಯ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳಲ್ಲಿ ಮನೆಗೆ ಜಮಖಾನವನ್ನೋ ಕಾರ್ಪೆಟ್ಟನ್ನೋ ಕೊಳ್ಳಲು ಹೊರಟವರು ಮತ್ತು ಕೊಂಡ ಮೇಲೆ ಅದನ್ನು ಹೇಗೆ ಕಾಪಾಡುವುದೆಂದು ಚಿಂತಿಸುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಚಳಿ ಪ್ರದೇಶದ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಡುವ ಸಲಹೆಗಳು ನಮ್ಮಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಇಲ್ಲಿ ದೂಳು, ಬಿಸಿಲು ಮತ್ತು ಗಡಸು ನೀರು ಈ ಮೂರನ್ನು ಬಿಟ್ಟು ಲೆಕ್ಕ ಹಾಕಿದರೆ ಯಾವ ಆಯ್ಕೆಯೂ ನಿಲ್ಲದು.

ಇಷ್ಟು ಬಿಸಿಲಿನ ಊರಿನಲ್ಲಿ ನೆಲಹಾಸು ನಿಜವಾಗಿಯೂ ಬೇಕೇ?

ಇಡೀ ನೆಲವನ್ನು ಮುಚ್ಚುವಂಥದ್ದು ಬೇಡ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಊರುಗಳಲ್ಲಿ ಶಹಾಬಾದ್ ಕಲ್ಲಿನ ಅಥವಾ ಗ್ರಾನೈಟಿನ ಬರಿ ನೆಲ ಕೊಡುವ ತಂಪನ್ನು ಗೋಡೆಯಿಂದ ಗೋಡೆಗೆ ಅಂಟಿಸಿದ ಕಾರ್ಪೆಟ್‌ನಿಂದ ಮುಚ್ಚುವುದು ಅವಿವೇಕವೆಂದೇ ಹೇಳಬೇಕು. ಆದರೆ ಪಡಸಾಲೆಯ ನಡುವೆ, ಮಂಚದ ಪಕ್ಕ, ಮಕ್ಕಳು ಕುಳಿತು ಓದುವ ಮೂಲೆಯಲ್ಲಿ ಒಂದು ಬಿಡಿ ಹಾಸು ಇದ್ದರೆ ಅನುಕೂಲ ಹಲವು: ಮಂಡಿ ನೋವಿನ ಹಿರಿಯರಿಗೆ ನೆಲದ ಗಡಸು ತಟ್ಟುವುದಿಲ್ಲ, ಡಿಸೆಂಬರಿನ ಬೆಳಗಿನಲ್ಲಿ ಕಾಲಿಗೆ ಥಂಡಿ ಹತ್ತುವುದಿಲ್ಲ, ಟೈಲ್ಸ್ ಹಾಕಿದ ದೊಡ್ಡ ಕೋಣೆಯಲ್ಲಿ ಮಾತು ಗುಂಯ್‌ಗುಡುವುದೂ ಕಡಿಮೆಯಾಗುತ್ತದೆ. ಆಯ್ಕೆಗೆ ಒಂದೇ ನಿಯಮ ಸಾಕೆನ್ನುವವರಿಗೆ ನಾವು ಹೇಳುವುದು ಇಷ್ಟು: ಇಬ್ಬರು ಸೇರಿ ಎತ್ತಿ ಮಾಳಿಗೆಗೆ ಒಯ್ದು ಕೊಡವಲು ಆಗದಂಥ ಹಾಸನ್ನು ಈ ಭಾಗದಲ್ಲಿ ಕೊಳ್ಳಬಾರದು. ಮುಂದಿನ ಉತ್ತರಗಳಲ್ಲಿ ಹೆಚ್ಚಿನವು ಈ ಮಾತಿನ ವಿವರಣೆಯೇ.

ಯಾವ ನೂಲಿನ ಹಾಸು ನಮ್ಮ ಮನೆಗಳಿಗೆ ಹೊಂದುತ್ತದೆ?

ದಿನಬಳಕೆಗೆ ಹತ್ತಿಯ ಜಮಖಾನವೇ ಮೊದಲ ಆಯ್ಕೆ. ಅದರಲ್ಲಿ ಮೇಲೆ ಎದ್ದು ನಿಲ್ಲುವ ಜುಂಗು ಇರುವುದಿಲ್ಲವಾದ್ದರಿಂದ ದೂಳು ಒಳಗೆ ಅಡಗಿ ಕೂರಲು ಜಾಗವಿಲ್ಲ. ಕೊಡವಿದರೆ ಉದುರುತ್ತದೆ, ಒಗೆದರೆ ಬೇಸಿಗೆಯ ಒಂದು ಹಗಲಿನಲ್ಲಿ ಒಣಗುತ್ತದೆ, ಎರಡೂ ಮಗ್ಗುಲನ್ನು ಹಾಸಬಹುದು. ಮೊದಲ ಒಗೆತದಲ್ಲಿ ಸ್ವಲ್ಪ ಕುಗ್ಗುವುದು ಹತ್ತಿಯ ಸ್ವಭಾವ, ಆದ್ದರಿಂದ ಅಳತೆಗೆ ಸರಿಯಾಗಿ ಕತ್ತರಿಸಿದಂತೆ ಕೊಳ್ಳದೆ ತುಸು ದೊಡ್ಡದನ್ನೇ ಕೊಳ್ಳುವುದು ಒಳ್ಳೆಯದು.

ಉಣ್ಣೆ ಬಾಳಿಕೆಯಲ್ಲಿ ಎಲ್ಲಕ್ಕಿಂತ ಮುಂದೆ. ಅದರ ಎಳೆಯಲ್ಲಿ ಸಹಜವಾಗಿ ಇರುವ ಜಿಡ್ಡಿನ ಅಂಶದಿಂದಾಗಿ ಚೆಲ್ಲಿದ ನೀರು ತಕ್ಷಣ ಒಳಗಿಳಿಯುವುದಿಲ್ಲ, ತುಳಿದ ಜಾಗ ಮತ್ತೆ ಎದ್ದು ನಿಲ್ಲುತ್ತದೆ, ಕಿಡಿ ಬಿದ್ದರೂ ಬೇಗ ಹತ್ತಿ ಉರಿಯುವುದಿಲ್ಲ. ಆದರೆ ನುಸಿಗೆ ಇಷ್ಟದ ಆಹಾರವೂ ಅದೇ, ಮತ್ತು ಕ್ಷಾರವಿರುವ ಬಟ್ಟೆ ಸೋಪಿನ ಪುಡಿ ಅದಕ್ಕೆ ಶತ್ರು.

ಪಾಲಿಪ್ರೊಪಿಲೀನ್ ಮತ್ತು ಪಾಲಿಯೆಸ್ಟರ್ ಕಾರ್ಪೆಟ್‌ಗಳು ಅಗ್ಗ, ಕಲೆಯನ್ನು ಅಷ್ಟಾಗಿ ಹೀರುವುದಿಲ್ಲ, ಬಾಡಿಗೆ ಮನೆಗೆ ಸಾಕು. ಎಣ್ಣೆಯ ಜಿಡ್ಡನ್ನು ಮಾತ್ರ ಅವು ಬಿಡಲೊಲ್ಲವು, ತುಳಿತದಲ್ಲಿ ಒಮ್ಮೆ ಮಲಗಿದ ಜುಂಗು ಮತ್ತೆ ಏಳುವುದೂ ಅಪರೂಪ. ಸೆಣಬಿನ ಹಾಸು ಒಣ ಹವೆಗೆ ಚೆನ್ನ, ಆದರೆ ನೀರು ಬಿದ್ದಲ್ಲಿ ಕಂದು ಕಲೆ ಮೂಡುತ್ತದೆ; ಊಟದ ಜಾಗಕ್ಕೆ ಹಾಕಬೇಡಿ. ಮರದ ತಿರುಳಿನಿಂದ ಮಾಡುವ ಕೃತಕ ನೂಲಾದ ವಿಸ್ಕೋಸಿನ ಹೊಳಪಿನ ಹಾಸು ನೋಡಲು ರೇಷ್ಮೆಯಂತೆ ಕಂಡರೂ ಒದ್ದೆಯಾದಾಗ ಎಳೆಯ ಬಲ ಕುಂದುತ್ತದೆ, ಒಣಗಿದ ಮೇಲೆ ಹಳದಿ ತಿರುಗುತ್ತದೆ. ನೀರು ತಾಗದ ಮನೆ ಯಾವುದಿದೆ?

ಕೈಯಲ್ಲಿ ಗಂಟು ಹಾಕಿದ್ದು, ಟಫ್ಟೆಡ್, ಯಂತ್ರದ್ದು: ಅಂಗಡಿಯಲ್ಲಿ ನಿಂತಲ್ಲೇ ಗುರುತಿಸುವುದು ಹೇಗೆ?

ಮೂಲೆ ಹಿಡಿದು ಮಗುಚಿ ನೋಡಿ. ಮಾಲಿನ ಸತ್ಯ ಬೆನ್ನಿನಲ್ಲಿ ಇರುತ್ತದೆ. ಕೈಗಂಟಿನ ರತ್ನಗಂಬಳಿಯಾದರೆ ಮುಂದಿನ ವಿನ್ಯಾಸ ಹಿಂದೆಯೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ, ಗಂಟುಗಳಲ್ಲಿ ಸಣ್ಣ ಏರುಪೇರು ಇರುತ್ತದೆ, ತುದಿಯ ಕುಚ್ಚು ಹಾಸಿನ ಉದ್ದಕ್ಕೆ ಹಾಯುವ ನೂಲೇ ಹೊರಗೆ ಮುಂದುವರಿದದ್ದಾಗಿರುತ್ತದೆ. ಯಂತ್ರದ ಹಾಸಿನ ಬೆನ್ನು ಗೆರೆ ಎಳೆದಂತೆ ಒಂದೇ ಸಮ, ಕುಚ್ಚನ್ನು ಬೇರೆಯಾಗಿ ತಂದು ಹೊಲಿದಿರುತ್ತಾರೆ. ಬೆನ್ನಿಗೆ ಬಟ್ಟೆ ಅಂಟಿಸಿ ಮುಚ್ಚಿದ್ದರೆ ಅದು ಬಹುಪಾಲು ಟಫ್ಟೆಡ್.

ಟಫ್ಟೆಡ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅದರಲ್ಲಿ ನೂಲನ್ನು ಗಂಟು ಹಾಕಿರುವುದಿಲ್ಲ, ಬಟ್ಟೆಯೊಳಗೆ ಗನ್ನಿನಿಂದ ತೂರಿಸಿ ಲೇಟೆಕ್ಸ್ ಅಂಟಿನಿಂದ ಹಿಡಿಸಿರುತ್ತಾರೆ. ಆ ಅಂಟು ಕಾಲ ಕಳೆದಂತೆ ಒಣಗಿ ಪುಡಿಯಾಗುತ್ತದೆ, ಬಿಸಿಯಿದ್ದಲ್ಲಿ ಇನ್ನೂ ಬೇಗ. ಹಾಸನ್ನು ಎತ್ತಿದಾಗ ನೆಲದ ಮೇಲೆ ಬಿಳಿಯ ಅಥವಾ ಕಂದು ಬಣ್ಣದ ಹಿಟ್ಟಿನಂಥ ಪುಡಿ ಕಂಡರೆ ಅದು ಹೊರಗಿನ ದೂಳಲ್ಲ, ಅಂಟೇ ಉದುರುತ್ತಿದೆ ಎಂದು ತಿಳಿಯಬೇಕು. ರಾಯಚೂರಿನಂಥ ಊರಿನಲ್ಲಿ, ಅದೂ ಮೇಲಿನ ಅಂತಸ್ತಿನ ಕೋಣೆಗೆ, ಕೈಗಂಟಿನ ಬೆಲೆ ತೆತ್ತು ಟಫ್ಟೆಡ್ ತರುವುದು ನಷ್ಟದ ವ್ಯವಹಾರ.

ಮಾರುವವರು ಅಪ್ಪಟ ರೇಷ್ಮೆ, ಅಪ್ಪಟ ಉಣ್ಣೆ ಎನ್ನುತ್ತಾರೆ. ಪರೀಕ್ಷೆ ಹೇಗೆ?

ಬೆನ್ನಿನ ಕಡೆಯಿಂದ ಎರಡು ಎಳೆ ಕೇಳಿ ಪಡೆದು, ಹೊರಗೆ ಬಂದು, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಬಹುದು. ಉಣ್ಣೆ ಮತ್ತು ರೇಷ್ಮೆ ಕೂದಲು ಸುಟ್ಟ ವಾಸನೆ ಬೀರುತ್ತವೆ, ಉರಿ ತೆಗೆದರೆ ತಾವೇ ಆರುತ್ತವೆ, ಉಳಿದ ಕರಿ ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತದೆ. ಹತ್ತಿ ಮತ್ತು ವಿಸ್ಕೋಸ್ ಕಾಗದದಂತೆ ಉರಿದು ಬೂದಿಯಾಗುತ್ತವೆ. ಪಾಲಿಪ್ರೊಪಿಲೀನ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇದಕ್ಕೆ ಒಪ್ಪದ ಅಂಗಡಿಯಲ್ಲಿ ಲೇಬಲ್ ನೋಡಿ: ರೇಷ್ಮೆಗೆ ಸಿಲ್ಕ್ ಮಾರ್ಕ್, ಉಣ್ಣೆಗೆ ವೂಲ್‌ಮಾರ್ಕ್, ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಇವೆ. ‘ಆರ್ಟ್ ಸಿಲ್ಕ್’ ಎಂದು ಬರೆದಿದ್ದರೆ ಅದರಲ್ಲಿ ರೇಷ್ಮೆ ಇಲ್ಲವೆಂದೇ ಅರ್ಥ. ತಲೆಯ ಮೇಲೆ ಮಾಲು ಹೊತ್ತು ಓಣಿಗೆ ಬಂದು, ಹೇಳಿದ ಬೆಲೆಯ ಕಾಲುಭಾಗಕ್ಕೆ ಇಳಿಯುವ ‘ಕಾಶ್ಮೀರಿ’ ಕಾರ್ಪೆಟ್‌ಗಳ ಕುರಿತು ಹೆಚ್ಚು ಹೇಳಬೇಕಾಗಿಲ್ಲ.

ನಮ್ಮ ಸುತ್ತಮುತ್ತಲೇ ಒಳ್ಳೆಯ ನೆಲಹಾಸು ಸಿಗುವುದಿಲ್ಲವೇ?

ಸಿಗುತ್ತದೆ, ದೂರ ಹೋಗಬೇಕಾಗಿಲ್ಲ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ನೇಯುವ ಹತ್ತಿಯ ಜಮಖಾನಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಪಗಡೆ ಹಾಸಿನ ಚೌಕಗಳು, ನವಿಲು, ಗಾಢವಾದ ಪಟ್ಟೆಗಳು ಅದರ ಗುರುತು. ನೇಯ್ಗೆ ಎಷ್ಟು ಬಿಗಿಯೆಂದರೆ ಬೆಳಕಿಗೆ ಹಿಡಿದರೂ ಕಿಂಡಿ ಕಾಣುವುದಿಲ್ಲ. ನೇಯುವವರ ಮನೆಗಳು ಕಡಿಮೆಯಾಗಿರುವುದರಿಂದ ಬೇಕಾದ ಅಳತೆಯದು ಮೊದಲೇ ಹೇಳಿ ನೇಯಿಸಿಕೊಳ್ಳಬೇಕಾದೀತು. ರಾಯಚೂರಿನವರಿಗೆ ತೆಲಂಗಾಣ ಹತ್ತಿರವಾದ್ದರಿಂದ ವಾರಂಗಲ್ ಜಮಖಾನವೂ ಒಳ್ಳೆಯ ಆಯ್ಕೆ. ಅದಕ್ಕೂ 2018ರಲ್ಲಿ ಭೌಗೋಳಿಕ ಸೂಚಕ ದೊರೆತಿದೆ.

ಇನ್ನು ನಮ್ಮದೇ ಕರಿ ಕಂಬಳಿ. ದಖನಿ ಕುರಿಯ ಉಣ್ಣೆಯನ್ನು ನೂತು ಕುರುಬರು ಗುಂಡಿ ಮಗ್ಗದಲ್ಲಿ ನೇಯುವ ಕಂಬಳಿಯನ್ನು ಹೊದೆಯಲು ಮಾತ್ರವೆಂದು ತಿಳಿದವರಿದ್ದಾರೆ, ಆದರೆ ದಿವಾನದ ಮುಂದೆ ಹಾಸಲು ಅದು ಬಹಳ ಚೆನ್ನ. ಕುರಿಯ ಸಹಜ ಬಣ್ಣವೇ ಆದ್ದರಿಂದ ಒಗೆದಾಗ ಬಣ್ಣ ಬಿಡುವ ಭಯವಿಲ್ಲ. ಹೊಸ ಕಂಬಳಿ ಗಡಸಾಗಿ ಚುಚ್ಚುವುದು ನೇಯುವಾಗ ನೂಲಿಗೆ ಬಳಿದ ಹುಣಸೆ ಬೀಜದ ಸರಿಯಿಂದಲೂ ಹೌದು. ಒಂದೆರಡು ಬಾರಿ ತಣ್ಣೀರಲ್ಲಿ ತೊಳೆದ ಮೇಲೆ ಅದು ಬಿಟ್ಟು ಹಾಸು ಹದಕ್ಕೆ ಬರುತ್ತದೆ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕಡೆ ಉಳಿಯುವ ತುಂಡುಗಳಿಂದ ಕಾಲೊರಸು ಹೊಲಿಸಿಕೊಳ್ಳುವವರು ಮೊದಲೆರಡು ಒಗೆತವನ್ನು ಬೇರೆಯಾಗಿಯೇ ಮಾಡಬೇಕು. ನೀಲಿ ಬಣ್ಣ ಇಳಿದು ಬಿಳಿ ಟೈಲ್ಸಿನ ಸಂದುಗಳಿಗೆ ಹತ್ತಿದರೆ ತೆಗೆಯುವುದು ಕಷ್ಟ.

ಎಷ್ಟು ದೊಡ್ಡದು ಕೊಳ್ಳಬೇಕು?

ಕೊಳ್ಳುವ ಮುನ್ನ ಹಳೆಯ ಪತ್ರಿಕೆಗಳನ್ನು ನೆಲಕ್ಕೆ ಹಾಸಿ ಅಳತೆ ನೋಡಿಕೊಳ್ಳಿ. ಸೋಫಾ ಇರುವ ಪಡಸಾಲೆಯಲ್ಲಿ ಸೋಫಾದ ಮುಂಗಾಲುಗಳಾದರೂ ಹಾಸಿನ ಮೇಲೆ ಬರಬೇಕು, ಇಲ್ಲವಾದರೆ ಹಾಸು ತಬ್ಬಲಿಯಂತೆ ನಡುವೆ ಕಾಣುತ್ತದೆ. 10×12 ಅಡಿಯ ಪಡಸಾಲೆಗೆ 5×8 ಅಥವಾ 6×9 ಸಾಕು. ಗೋಡೆಯಿಂದ ಒಂದಡಿಯಷ್ಟು ನೆಲ ಬರಿದಾಗಿ ಉಳಿದರೆ ಕಸ ಗುಡಿಸಲು ಅನುಕೂಲ. ಊಟದ ಮೇಜಿನ ಕೆಳಗೆ ಹಾಸುವುದಾದರೆ ಕುರ್ಚಿ ಹಿಂದೆ ಸರಿಸಿದಾಗಲೂ ಅದರ ಕಾಲು ಹಾಸಿನ ಮೇಲೆಯೇ ಇರುವಂತೆ ನಾಲ್ಕೂ ಕಡೆ 2 ಅಡಿ ಹೆಚ್ಚು ಬೇಕು. ಆದರೆ ಸಾರು, ಚಟ್ನಿಪುಡಿ ಎಣ್ಣೆ ಬೀಳುವ ಜಾಗಕ್ಕೆ ಹಾಸೇ ಬೇಡವೆಂಬುದು ನಮ್ಮ ಅಭಿಪ್ರಾಯ.

ಬಣ್ಣ ಯಾವುದಿರಲಿ?

ನಿಮ್ಮ ಊರಿನ ಮಣ್ಣಿನ ಬಣ್ಣ ನೋಡಿ ಆರಿಸಿ. ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಕೆಂಪು ದೂಳಿಗೆ ಇಟ್ಟಿಗೆ, ಕಾವಿ, ಮರೂನು ಬಣ್ಣ ಹೊಂದುತ್ತವೆ. ಸಿಂಧನೂರು, ಮಾನ್ವಿಯ ಎರೆಭೂಮಿಯವರಿಗೆ ಬೂದು ಮತ್ತು ಕಂದು ಮೇಲು. ತೀರ ಕಪ್ಪು ಹಾಸಿನಲ್ಲಿ ದೂಳು, ತೀರ ಬಿಳಿಯದರಲ್ಲಿ ಎಲ್ಲವೂ ಕಾಣುತ್ತದೆ. ಎರಡು ಮೂರು ಬಣ್ಣ ಕಲೆತ ಸಣ್ಣ ವಿನ್ಯಾಸ ಎಲ್ಲ ಕಡೆಗೂ ನಡೆಯುತ್ತದೆ.

ನಯವಾದ ಟೈಲ್ಸಿನ ಮೇಲೆ ಹಾಸು ಜಾರುತ್ತದೆ. ಏನು ಮಾಡಬೇಕು?

ಇದನ್ನು ಅಸಡ್ಡೆ ಮಾಡಬೇಡಿ. ಹಿರಿಯರು ಎಡವಿ ಸೊಂಟ ಮುರಿದುಕೊಳ್ಳುವುದಕ್ಕೆ ಮಡಚಿದ ಹಾಸಿನ ಅಂಚು ಸಾಕು. ಹಾಸಿಗಿಂತ ಎಲ್ಲ ಕಡೆ ಒಂದಂಗುಲ ಚಿಕ್ಕದಾದ ಜಾರುನಿರೋಧಕ ಜಾಲರಿಯನ್ನು ಕೆಳಗೆ ಹಾಕಿ. ನೈಸರ್ಗಿಕ ರಬ್ಬರಿನದು ಉತ್ತಮ, ಅಗ್ಗದ ಪಿವಿಸಿ ಜಾಲರಿ ಬಿಸಿಗೆ ಮೆತ್ತಗಾಗಿ ಪಾಲಿಶ್ ಮಾಡಿದ ನೆಲಕ್ಕೆ ಅಂಟಿ ಗುರುತು ಬಿಡಬಹುದು. ಯಾವುದನ್ನೇ ಹಾಕಿದರೂ ಆಗಾಗ ಎತ್ತಿ ಕೆಳಗಿನ ನೆಲ ಒರೆಸಿ, ಏಕೆಂದರೆ ದೂಳು ಕೂತ ಜಾಲರಿಗೆ ಹಿಡಿತವಿರುವುದಿಲ್ಲ.

ದೂಳು ತೆಗೆಯುವ ಸರಿಯಾದ ಕ್ರಮ ಯಾವುದು?

ಆರೈಕೆಯಲ್ಲಿ ಮುಕ್ಕಾಲು ಪಾಲು ಇದೇ. ಹಾಸನ್ನು ಹಾಳುಮಾಡುವುದು ಮೇಲೆ ಕಾಣುವ ದೂಳಲ್ಲ, ಬುಡಕ್ಕೆ ಇಳಿದ ಮರಳಿನ ಕಣ. ಕಾಲಿಟ್ಟಾಗಲೆಲ್ಲ ಆ ಚೂಪಾದ ಕಣ ನೂಲಿನ ಬುಡವನ್ನು ಉಜ್ಜಿ ಕತ್ತರಿಸುತ್ತದೆ, ಆದ್ದರಿಂದಲೇ ಓಡಾಡುವ ದಾರಿಯಲ್ಲಿ ಮೊದಲು ಸವೆಯುವುದು. ಹಳೆಯ ಕಾರ್ಪೆಟ್ಟಿನ ಜುಂಗನ್ನು ಎರಡು ಹೆಬ್ಬೆರಳಿನಿಂದ ಬೈತಲೆ ತೆಗೆದಂತೆ ಬಿಡಿಸಿ ನೋಡಿದರೆ ಬುಡದಲ್ಲಿ ಕೆಂಪು ಅಥವಾ ಬೂದು ಗೆರೆ ಕಾಣುತ್ತದೆ. ಬೆರಳಿಗೆ ಅದು ಸಣ್ಣ ರವೆಯಂತೆ ತಗಲುತ್ತದೆ.

ಜಮಖಾನವಾದರೆ ವಾರಕ್ಕೊಮ್ಮೆ ಇಬ್ಬರು ಹಿಡಿದು ಹೊರಗೆ ಕೊಡವಬೇಕು. ಜುಂಗಿನ ಕಾರ್ಪೆಟ್ಟಾದರೆ ವಾರಕ್ಕೆರಡು ಬಾರಿ ವ್ಯಾಕ್ಯೂಮ್ ಕ್ಲೀನರ್ ಹಾಯಿಸಿ. ಉಣ್ಣೆಯದಕ್ಕೆ ಗಿರಗಿರ ತಿರುಗುವ ಬ್ರಷ್ ನಿಲ್ಲಿಸಿ ಬರಿಯ ಹೀರುವಿಕೆ ಸಾಕು, ಕುಚ್ಚಿನ ಮೇಲೆ ಎಂದೂ ಹಾಯಿಸಬೇಡಿ. ತಿಂಗಳಿಗೊಮ್ಮೆ ಹಾಸನ್ನು ಬೋರಲು ಹಾಕಿ ಬೆನ್ನಿನ ಮೇಲೆ ಹಾಯಿಸಿದರೆ ಒಳಗಿನ ಮರಳು ತಾನಾಗಿ ಕೆಳಗಿಳಿಯುತ್ತದೆ. ಕಸಬರಿಗೆಯನ್ನು ಜುಂಗು ಮಲಗಿದ ದಿಕ್ಕಿಗೇ ಎಳೆಯಬೇಕು. ಕ್ಲೀನರ್ ಇಲ್ಲದವರು ಹಾಸನ್ನು ಮಾಳಿಗೆಯ ಮೇಲೆ ಹಗ್ಗಕ್ಕೆ ಹಾಕಿ ಬೆನ್ನಿನ ಕಡೆಯಿಂದ ಬಿದಿರು ಕೋಲಿನಲ್ಲಿ ಮೆಲ್ಲಗೆ ಬಡಿಯಬಹುದು, ಟಫ್ಟೆಡ್ ಹಾಸಿಗೆ ಮಾತ್ರ ಈ ಬಡಿತ ಬೇಡ. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿ ನಿಲ್ಲದಿದ್ದರೆ ನೆರೆಮನೆಯವರ ಹಪ್ಪಳ ಸಂಡಿಗೆಯ ಮೇಲೆ ಬಿದ್ದು ಜಗಳಕ್ಕೆ ದಾರಿಯಾಗುತ್ತದೆ. ಬಾಗಿಲ ಹೊರಗೊಂದು, ಒಳಗೊಂದು ಒರಟು ಕಾಲೊರಸು ಇಟ್ಟರೆ ಈ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಮನೆಯಲ್ಲೇ ಒಗೆಯಬಹುದೇ?

ಹತ್ತಿಯ ಜಮಖಾನ, ಕಂಬಳಿ ಮತ್ತು ಪಾಲಿಪ್ರೊಪಿಲೀನಿನ ತೆಳು ಹಾಸನ್ನು ಒಗೆಯಬಹುದು. ಕೈಗಂಟಿನ ರತ್ನಗಂಬಳಿ, ರೇಷ್ಮೆ, ವಿಸ್ಕೋಸ್, ಸೆಣಬು ಮತ್ತು ಟಫ್ಟೆಡ್ ಹಾಸುಗಳನ್ನು ಮನೆಯಲ್ಲಿ ನೆನೆಸಬಾರದು. ಮೊದಲು ಬಣ್ಣದ ಪರೀಕ್ಷೆ ಮಾಡಿ: ಒದ್ದೆ ಬಿಳಿ ಬಟ್ಟೆಯನ್ನು ಗಾಢ ಬಣ್ಣದ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿದಾಗ ಬಟ್ಟೆಗೆ ಬಣ್ಣ ಹತ್ತಿದರೆ ಒಗೆಯುವ ಯೋಚನೆ ಬಿಡಬೇಕು. ಆಮೇಲೆ ದೂಳನ್ನು ಪೂರ್ತಿ ಕೊಡವಿ. ದೂಳಿದ್ದಾಗಲೇ ನೀರು ಸುರಿದರೆ ಅದು ಕೆಸರಾಗಿ ನೂಲಿನೊಳಗೆ ಇಳಿಯುತ್ತದೆ.

ನೀರಿನ ವಿಷಯಕ್ಕೆ ಬಂದರೆ, ನಮ್ಮ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಅದರಲ್ಲಿ ಬಾರ್ ಸೋಪು ಹಾಕಿದರೆ ನೊರೆ ಬರುವ ಬದಲು ಮೊಸರೊಡೆದಂಥ ಗಸಿ ಕೂರುತ್ತದೆ, ಒಣಗಿದ ಮೇಲೆ ಹಾಸು ಬಿರುಸಾಗಿ ಬಿಳಿಚಿಕೊಳ್ಳುತ್ತದೆ. ಮಳೆನೀರನ್ನೋ ನಲ್ಲಿಗೆ ಬರುವ ನದಿಯ ನೀರನ್ನೋ ಬಳಸಿ, ಸೋಪಿನ ಬದಲು ಉಣ್ಣೆ ಬಟ್ಟೆಗೆಂದೇ ಸಿಗುವ ದ್ರವ ಹಾಕಿ. ಬಿಸಿನೀರು ಬೇಡ, ಬ್ಲೀಚಂತೂ ಬೇಡವೇ ಬೇಡ. ಉಣ್ಣೆಯನ್ನು ಅದು ಕರಗಿಸಿಯೇ ಬಿಡುತ್ತದೆ. ತುಂಗಭದ್ರಾ ಕಾಲುವೆಯಲ್ಲಿ ಜಮಖಾನ ಒಗೆಯುವ ರೂಢಿ ಹಳೆಯದಾದರೂ ಅದನ್ನು ಬಿಡುವುದೇ ಲೇಸು. ಒದ್ದೆ ಜಮಖಾನದ ಭಾರಕ್ಕೆ ಸೆಳವು ಸೇರಿದರೆ ಹಿಡಿದವರನ್ನೂ ಎಳೆದುಕೊಂಡು ಹೋಗುತ್ತದೆ, ಮತ್ತು ಅದೇ ನೀರು ಮುಂದಿನ ಊರಿನವರಿಗೆ ಕುಡಿಯಲು ಬೇಕು.

ಹಿಂಡದೆ, ಇಳಿಜಾರಿನಲ್ಲಿ ಮಲಗಿಸಿ ನೀರು ಬಸಿದು, ನೆರಳಿನ ಗಾಳಿಯಲ್ಲಿ ಎರಡೂ ಮಗ್ಗುಲು ಒಣಗಿಸಿ. ಪೂರ್ತಿ ಒಣಗುವ ಮುಂಚೆ ನೆಲಕ್ಕೆ ಹಾಸಿದರೆ ಮುಗ್ಗಲು ವಾಸನೆ ಬರುತ್ತದೆ.

ಕಲೆ ಬಿದ್ದರೆ?

ಯಾವ ಕಲೆಯನ್ನೂ ತಿಕ್ಕಬಾರದು. ಬಿಳಿ ಹತ್ತಿ ಬಟ್ಟೆಯಿಂದ ಹೊರಗಿನಿಂದ ಒಳಕ್ಕೆ ಒತ್ತಿ ಒತ್ತಿ ಹೀರಿಸಬೇಕು.

ಅರಿಶಿನದ ಕಲೆಯಲ್ಲಿ ತಪ್ಪುವವರೇ ಹೆಚ್ಚು. ಗಾಬರಿಯಿಂದ ಸೋಪನ್ನೋ ಸೋಡಾವನ್ನೋ ಹಾಕಿದರೆ ಹಳದಿ ಕಲೆ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದು, ಆರತಿಗೆ ಓಕುಳಿ ಕಲೆಸುವುದು ಇದೇ ಗುಣದಿಂದ. ಬಿದ್ದದ್ದನ್ನು ಮೊದಲು ಚಮಚದಲ್ಲಿ ಎತ್ತಿ, ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಒತ್ತಿ, ಉಳಿದ ಹಳದಿಯನ್ನು ಬಿಸಿಲಿಗೆ ಬಿಡಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ, ನಮ್ಮಲ್ಲಿ ಬಿಸಿಲಿಗೆ ಬರವೂ ಇಲ್ಲ.

ಒಗ್ಗರಣೆ ಮಿರ್ಚಿ ತಿನ್ನುವಾಗ ಬಿದ್ದ ಎಣ್ಣೆಗೂ ದೀಪದ ಎಣ್ಣೆಗೂ ಒಂದೇ ಉಪಾಯ: ಮುಖಕ್ಕೆ ಹಚ್ಚುವ ಪೌಡರನ್ನು ದಪ್ಪಗೆ ಉದುರಿಸಿ, ಕೆಲವು ತಾಸು ಬಿಟ್ಟು ಬ್ರಷ್‌ನಿಂದ ತೆಗೆಯಿರಿ, ಇನ್ನೂ ಉಳಿದರೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಹಾಕಿ ಒತ್ತಿ. ಎಲೆ ಅಡಿಕೆಯ ಕಲೆಗೆ ತಣ್ಣೀರು, ಆಮೇಲೆ ನೀರು ಬೆರೆಸಿದ ಬಿಳಿ ವಿನೆಗರ್. ಹಳೆಯದಾದರೆ ಪೂರ್ತಿ ಹೋಗುವ ಭರವಸೆ ಕೊಡಲಾಗದು. ಮಗುವಿನ ಮೂತ್ರಕ್ಕೂ ಹೀರಿಸಿದ ಮೇಲೆ ಅದೇ ವಿನೆಗರ್ ನೀರು. ರಕ್ತಕ್ಕೆ ತಣ್ಣೀರು ಮಾತ್ರ.

ಮಳೆಗಾಲದಲ್ಲಿ ಹತ್ತುವ ಎರೆಮಣ್ಣನ್ನು ಹಸಿಯಿದ್ದಾಗ ಮುಟ್ಟಲೇಬೇಡಿ. ಒಣಗಿ ಬಿರಿದ ಮೇಲೆ ಬೆರಳಲ್ಲಿ ಮುರಿದು ಹೆಂಟೆ ತೆಗೆದು ಕೊಡವಿದರೆ ಬಹುಪಾಲು ಬಿಟ್ಟುಬರುತ್ತದೆ. ಅದಿರಿನ ಕೆಂಪಿಗೂ ಮೊದಲು ಒಣ ಉಪಚಾರವೇ. ಅದು ಕಬ್ಬಿಣದ ತುಕ್ಕಿನ ಜಾತಿಯದಾದ್ದರಿಂದ ಬ್ಲೀಚ್ ತಾಗಿದರೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ.

ಬಿಸಿಲು ಮತ್ತು ಏರ್ ಕೂಲರ್‌ನಿಂದ ತೊಂದರೆಯಿದೆಯೇ?

ಎರಡರಿಂದಲೂ ಇದೆ. ಕಿಟಕಿಯಿಂದ ದಿನವೂ ಬಿಸಿಲು ಬೀಳುವ ಭಾಗ ಮಾಸುತ್ತದೆ, ಆದ್ದರಿಂದ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಮನೆ ಸ್ವಚ್ಛ ಮಾಡುವಾಗ ಹಾಸಿನ ತಲೆ ಬುಡ ಅದಲುಬದಲು ಮಾಡಿದರೆ ಸವೆತವೂ ಬಣ್ಣವೂ ಸಮವಾಗಿರುತ್ತವೆ. ಬಿಸಿಲಿಗೆ ಹಾಕುವಾಗ ಬೆನ್ನು ಮೇಲೆ ಮಾಡಿ, ಬೆಳಗಿನ ಎರಡು ತಾಸು ಸಾಕು. ಕೂಲರ್ ಮುಂದಿನ ಹಾಸು ತೇವ ಹೀರಿಕೊಂಡು ಕೆಳಗಿನಿಂದ ಬೂಸ್ಟು ಹಿಡಿಯುತ್ತದೆ. ತೊಟ್ಟಿಕ್ಕುವ ಕೂಲರ್ ಇದ್ದರೆ ಬೇಸಿಗೆ ಮುಗಿಯುವ ತನಕ ಹಾಸನ್ನು ಸುತ್ತಿಡುವುದೇ ವಾಸಿ.

ಸುತ್ತಿಡುವುದು ಹೇಗೆ? ನುಸಿ, ಗೆದ್ದಲಿಗೆ ಏನು ಮಾಡಬೇಕು?

ಮಡಚಬೇಡಿ, ಮಡಿಕೆಯಲ್ಲಿ ಎಳೆ ಮುರಿಯುತ್ತದೆ. ಶುಚಿಮಾಡಿ ಒಣಗಿಸಿದ ಹಾಸನ್ನು ಪೈಪಿಗೆ ಸುತ್ತಿ, ಹಳೆಯ ಹತ್ತಿ ಸೀರೆಯಲ್ಲಿ ಕಟ್ಟಿ, ನೆಲಕ್ಕೂ ಗೋಡೆಗೂ ತಾಗದಂತೆ ಅಟ್ಟದ ಮೇಲೆ ಇಡಿ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಒಳಗೇ ಬೆವರುತ್ತದೆ. ಉಣ್ಣೆ ತಿನ್ನುವುದು ಹಾರುವ ನುಸಿಯಲ್ಲ, ಅದರ ಮರಿಹುಳು, ಮತ್ತು ಅದಕ್ಕೆ ಕತ್ತಲೆಯೂ ನಿಶ್ಚಲತೆಯೂ ಬೇಕು. ಹಾಗಾಗಿ ಸುತ್ತಿಟ್ಟದ್ದನ್ನು ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ ಬಿಸಿಲು ತೋರಿಸುವುದಕ್ಕಿಂತ ದೊಡ್ಡ ಔಷಧಿಯಿಲ್ಲ. ಬೇವಿನ ಸೊಪ್ಪು ರೂಢಿಯಲ್ಲಿದೆ, ಆದರೆ ಅದೊಂದನ್ನೇ ನಂಬಿ ಕೂರುವಂತಿಲ್ಲ. ನುಸಿಗುಳಿಗೆಯನ್ನು ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬಳಸದಿರಿ, ನುಂಗಿದರೆ ಪ್ರಾಣಾಪಾಯ. ನೆಲಕ್ಕೆ ಹಾಸಿದ್ದರಲ್ಲಿ ದಿವಾನದ ಕೆಳಗಿನ ಭಾಗವನ್ನು ಆಗಾಗ ನೋಡುತ್ತಿರಿ. ಮಣ್ಣಿನ ಗೆರೆ ಕಂಡರೆ ಅದು ಗೆದ್ದಲು, ಔಷಧಿ ಬೇಕಾದದ್ದು ಆಗ ಹಾಸಿಗಲ್ಲ, ಮನೆಗೆ.

ಮನೆಯಲ್ಲಿ ದಮ್ಮಿನ ತೊಂದರೆ ಇರುವವರಿದ್ದಾರೆ. ಹಾಸಬಹುದೇ?

ಜುಂಗಿನ ಕಾರ್ಪೆಟ್ ಬೇಡ. ಒಗೆಯಬಹುದಾದ ತೆಳು ಜಮಖಾನ ಇರಲಿ, ಅದನ್ನು ಕೊಡವುವ ಕೆಲಸವನ್ನು ಬೇರೆಯವರು ಮನೆಯ ಹೊರಗೆ ಮಾಡಲಿ. ವೈದ್ಯರು ಬೇಡವೆಂದರೆ ಅದೂ ಬೇಡ.

ತೊಳೆಯಲು ಅಂಗಡಿಗೆ ಕೊಡುವಾಗ ಏನು ಗಮನಿಸಬೇಕು?

ಎಲ್ಲಿ, ಹೇಗೆ ತೊಳೆಯುತ್ತಾರೆಂದು ಕೇಳಿ. ನೂಲು ಯಾವುದೆಂದು ವಿಚಾರಿಸದೆಯೇ ಚದರಡಿಗಿಷ್ಟು ಎಂದು ದರ ಹೇಳುವವರಿಗೆ ಬೆಲೆಬಾಳುವ ಹಾಸನ್ನು ಕೊಡಬೇಡಿ. ಕೊಡುವ ಮುನ್ನ ನಾಲ್ಕೂ ಮೂಲೆ ಮತ್ತು ಬೆನ್ನಿನ ಫೋಟೊ ತೆಗೆದು, ಮೊದಲೇ ಇರುವ ಕಲೆಗಳನ್ನು ರಶೀದಿಯಲ್ಲಿ ಬರೆಸಿಕೊಳ್ಳಿ.

ಅಂಚು ಬಿಚ್ಚಿದೆ, ನಡುವೆ ಸವೆದಿದೆ. ಎಸೆಯಬೇಕೇ?

ಅಂಚು ಬಿಚ್ಚತೊಡಗಿದ ದಿನವೇ ದಪ್ಪ ಹತ್ತಿ ದಾರದಿಂದ ಸುತ್ತು ಹೊಲಿಗೆ ಹಾಕಿದರೆ ಅಲ್ಲಿಗೇ ನಿಲ್ಲುತ್ತದೆ. ಕೌದಿ ಹೊಲಿಯುವವರಿಗೆ ಇದು ಎಡಗೈ ಕೆಲಸ. ಮೇಲೆ ಎದ್ದ ಎಳೆಯನ್ನು ಎಳೆಯದೆ ಕತ್ತರಿಯಿಂದ ಜುಂಗಿನ ಮಟ್ಟಕ್ಕೆ ಕತ್ತರಿಸಿ. ಕೈಗಂಟಿನದಾದರೆ ನಡುವಿನ ತೂತನ್ನೂ ಮರುಗಂಟು ಹಾಕಿ ಸರಿಪಡಿಸಬಹುದು, ಆದರೆ ಖರ್ಚು ಕೇಳಿಕೊಂಡು ನಿರ್ಧರಿಸಿ. ನಡುವೆ ಸವೆದ ಜಮಖಾನದ ಗಟ್ಟಿ ತುದಿಗಳನ್ನು ಕತ್ತರಿಸಿ ಅಂಚು ಹೊಲಿದರೆ ದೇವರ ಮನೆಗೊಂದು ಮಣೆಹಾಸು, ಬಚ್ಚಲ ಬಾಗಿಲಿಗೊಂದು ಕಾಲೊರಸು ಆಗುತ್ತವೆ. ಟಫ್ಟೆಡ್ ಹಾಸಿನ ಅಂಟು ಪುಡಿಯಾಗಿದ್ದರೆ ಮಾತ್ರ ಅದನ್ನು ಉಳಿಸುವ ಗೋಜಿಗೆ ಹೋಗದೆ ಹೊರಗೆ ಹಾಕಿ. ಸುಡಬೇಡಿ, ಅದರ ಹೊಗೆ ಒಳ್ಳೆಯದಲ್ಲ.